ವಿದೇಶದ ಖಾತೆಗೆ ವೈರ್ ಹಣ ತರಿಸುವುದು: ಸೇವಿಂಗ್ಸ್‌ಗೋ, ಚೆಕಿಂಗ್‌ಗೋ?

ಹೊರದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗಿ ಬ್ಯಾಂಕ್ ಖಾತೆ ತೆರೆದರೆ ಬಹಳ ಕಡೆ ಎರಡು ನಂಬರ್ ಕೈಗೆ ಬರುತ್ತವೆ. ಒಂದು ದಿನಬಳಕೆಯ ಖಾತೆ (ಅಮೆರಿಕದಲ್ಲಿ ಚೆಕಿಂಗ್ ಅನ್ನುತ್ತಾರೆ), ಇನ್ನೊಂದು ಸೇವಿಂಗ್ಸ್. ಆಮೇಲೆ ಬೇರೆ ದೇಶದಿಂದ ವೈರ್ ಮೂಲಕ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆಯಾಗಿ, ದುಡ್ಡು ತರಿಸಿಕೊಳ್ಳುವ ಸಂದರ್ಭ ಬರುತ್ತದೆ. ಕಾಲೇಜಿನ ಫೀಸು, ಮನೆಗೆ ಕೊಡಬೇಕಾದ ಮುಂಗಡ, ಆಸ್ತಿ ಮಾರಿದ ಹಣ, ಹಳೆಯ ಕಂಪನಿಯ ಬಾಕಿ, ಹೀಗೆ ಏನಾದರೂ ಒಂದು. ಕಳಿಸುವವರು ಫಾರ್ಮ್ ಮುಂದಿಟ್ಟುಕೊಂಡು ಕೇಳುತ್ತಾರೆ: "ಯಾವ ಅಕೌಂಟ್ ನಂಬರ್ ಹಾಕ್ಲಿ? ಸೇವಿಂಗ್ಸೋ, ಚೆಕಿಂಗೋ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ದಿನಬಳಕೆಯ ಖಾತೆಯೇ ಸರಿ. ಹಣ ಅಲ್ಲಿಗೆ ಬರಲಿ. ಉಳಿಸುವ ಹಣವಾದರೆ ಅದೇ ದಿನ ಸೇವಿಂಗ್ಸ್‌ಗೆ ನೀವೇ ದಾಟಿಸಿಕೊಳ್ಳಿ. ಒಂದೇ ಬ್ಯಾಂಕಿನ ಒಳಗಾದರೆ ಇದಕ್ಕೆ ಕೆಲವು ನಿಮಿಷ ಸಾಕು, ಸಾಮಾನ್ಯವಾಗಿ ಶುಲ್ಕವೂ ಇರುವುದಿಲ್ಲ. ಆದರೆ ಈ ಸಲಹೆ ಹೊಂದದ ಸಂದರ್ಭಗಳೂ ಇವೆ. ಖಾತೆ ಸರಿಯಾಗಿ ಆರಿಸಿದರೂ ಹಣ ದಾರಿಯಲ್ಲಿ ಸಿಕ್ಕಿಕೊಳ್ಳಲು ಬೇರೆ ಹತ್ತು ಕಾರಣಗಳಿವೆ. ಒಂದೊಂದಾಗಿ ನೋಡೋಣ.

ವೈರ್ ಸಂದೇಶಕ್ಕೆ ಬೇಕಾಗಿರುವುದು ನಂಬರ್

ದೇಶದಿಂದ ದೇಶಕ್ಕೆ ಹೋಗುವ ವೈರ್‌ಗಳಲ್ಲಿ ಬಹುಪಾಲು ಸ್ವಿಫ್ಟ್ ಜಾಲದ ಮೂಲಕ ಸಾಗುತ್ತವೆ. 1973ರಲ್ಲಿ ಶುರುವಾದ ಈ ಸಂಸ್ಥೆಯ ಕೇಂದ್ರ ಬೆಲ್ಜಿಯಂನಲ್ಲಿದೆ. 200ಕ್ಕೂ ಹೆಚ್ಚು ದೇಶ, ಪ್ರದೇಶಗಳ 11,000ಕ್ಕೂ ಹೆಚ್ಚು ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಇದನ್ನು ಬಳಸುತ್ತವೆ. ಸ್ವಿಫ್ಟ್ ತಾನೇ ಹಣ ಇಟ್ಟುಕೊಳ್ಳುವುದಿಲ್ಲ. "ಇಂಥವರ ಈ ಖಾತೆಗೆ ಇಷ್ಟು ಜಮಾ ಮಾಡಿ" ಎಂಬ ಸಂದೇಶವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ. ಹಣದ ಲೆಕ್ಕ ತೀರುವುದು ಬ್ಯಾಂಕುಗಳು ಪರಸ್ಪರರಲ್ಲಿ ಇಟ್ಟಿರುವ ಖಾತೆಗಳ ಮೂಲಕ.

ಆ ಸಂದೇಶದಲ್ಲಿ ಪಡೆಯುವವರ ಹೆಸರು, ವಿಳಾಸ, ಖಾತೆ ನಂಬರ್, ಬ್ಯಾಂಕಿನ ಕೋಡ್ ಇರುತ್ತವೆ. ಸೇವಿಂಗ್ಸ್ ಅಥವಾ ಚೆಕಿಂಗ್ ಎಂದು ಹೇಳಲೇಬೇಕು ಅನ್ನುವ ನಿಯಮ ಇಲ್ಲ. ಅಂದರೆ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ನಂಬರ್. ನೀವು ಬಾಯಲ್ಲಿ ಚೆಕಿಂಗ್ ಎಂದು ಹೇಳಿ ಸೇವಿಂಗ್ಸ್ ನಂಬರ್ ಕೊಟ್ಟಿದ್ದರೆ ಹಣ ಸೇವಿಂಗ್ಸ್‌ಗೇ ಹೋಗುತ್ತದೆ. ಅಥವಾ ಆ ಖಾತೆಗೆ ವೈರ್ ತೆಗೆದುಕೊಳ್ಳುವ ವ್ಯವಸ್ಥೆ ಇಲ್ಲ ಎಂದು ವಾಪಸ್ ಹೋಗುತ್ತದೆ.

ಹಾಗಾಗಿ ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ನಿಮ್ಮ ಬ್ಯಾಂಕು ಆ ಬಗೆಯ ಖಾತೆಗೆ ವಿದೇಶಿ ವೈರ್ ಸ್ವೀಕರಿಸುತ್ತದೆಯೇ? ಬಂದ ಮೇಲೆ ಆ ಹಣವನ್ನು ನಿಮಗೆ ಬೇಕಾದಾಗ ಬಳಸಲು ಆಗುತ್ತದೆಯೇ?

ಒಂದೊಂದು ದೇಶದಲ್ಲಿ ಒಂದೊಂದು ಹೆಸರು

ಅಮೆರಿಕದಲ್ಲಿ ಚೆಕಿಂಗ್ ಅನ್ನುವುದನ್ನು ಕೆನಡಾದಲ್ಲೂ ಹಾಗೇ ಕರೆಯುತ್ತಾರೆ. ಬ್ರಿಟನ್‌ನಲ್ಲಿ ಅದು ಕರೆಂಟ್ ಅಕೌಂಟ್. ವ್ಯಾಪಾರಸ್ಥರ ಖಾತೆಯಲ್ಲ, ಸಂಬಳ ಬರುವ, ಬಾಡಿಗೆ ಹೋಗುವ ಜನಸಾಮಾನ್ಯರ ಖಾತೆ. ಆಸ್ಟ್ರೇಲಿಯಾದಲ್ಲಿ ಟ್ರಾನ್ಸಾಕ್ಷನ್ ಅಕೌಂಟ್, ಜರ್ಮನಿಯಲ್ಲಿ ಗಿರೋಕೊಂಟೊ. ಸಿಂಗಾಪುರದಂಥ ಕಡೆ ಜನ ದಿನಬಳಕೆಗೂ ಸೇವಿಂಗ್ಸ್ ಖಾತೆಯನ್ನೇ ಇಟ್ಟುಕೊಳ್ಳುವುದು ಸಾಮಾನ್ಯ. ಅಲ್ಲಿ ಸೇವಿಂಗ್ಸ್ ನಂಬರ್ ಕೊಡಲು ಹಿಂಜರಿಯಬೇಕಿಲ್ಲ. ಈ ಲೇಖನದಲ್ಲಿ ದಿನಬಳಕೆಯ ಖಾತೆ ಎಂದರೆ ಇವೆಲ್ಲ ಸೇರಿದವು ಎಂದುಕೊಳ್ಳಿ.

ದಿನಬಳಕೆಯ ಖಾತೆಯೇ ಯಾಕೆ?

ಮೊದಲ ಕಾರಣ, ಸ್ವೀಕಾರ. ಶಾಖೆಗಳಿರುವ ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಎರಡೂ ಖಾತೆಗಳಿಗೆ ವಿದೇಶಿ ವೈರ್ ತೆಗೆದುಕೊಳ್ಳುತ್ತವೆ. ತೊಂದರೆ ಬರುವುದು ಜಾಸ್ತಿ ಬಡ್ಡಿ ಕೊಡುವ ಆನ್‌ಲೈನ್ ಸೇವಿಂಗ್ಸ್ ಖಾತೆಗಳಲ್ಲಿ. ಇಂಥ ಎಷ್ಟೋ ಖಾತೆಗಳು ದೇಶದ ಒಳಗಿನ ವರ್ಗಾವಣೆಯನ್ನು ಮಾತ್ರ ಸ್ವೀಕರಿಸುತ್ತವೆ. ಬ್ರಿಟನ್‌ನಲ್ಲಿ ಕೆಲವು ಸೇವಿಂಗ್ಸ್ ಖಾತೆಗಳಿಗೆ ಮೊದಲೇ ನಮೂದಿಸಿದ ನಿಮ್ಮದೇ ಕರೆಂಟ್ ಖಾತೆಯಿಂದ ಮಾತ್ರ ಹಣ ಹಾಕಬಹುದು. ನೋಟಿಸ್ ಕೊಟ್ಟು ತೆಗೆಯಬೇಕಾದ ಖಾತೆ, ನಿಗದಿತ ಅವಧಿಯ ಠೇವಣಿ, ತೆರಿಗೆ ವಿನಾಯಿತಿ ಇರುವ ಉಳಿತಾಯ ಖಾತೆಗಳಿಗಂತೂ ನೇರವಾಗಿ ವೈರ್ ಕಳಿಸುವ ಯೋಚನೆ ಮಾಡಬೇಡಿ.

ಎರಡನೆಯದು, ಹಣ ಕೈಗೆ ಸಿಗುವ ಹೊತ್ತು. ಇದು ಅಮೆರಿಕದ ವಿಷಯ, ಬಹಳ ಮಂದಿಗೆ ಗೊತ್ತಿಲ್ಲ. ವೈರ್ ಮೂಲಕ ಬಂದ ಹಣವನ್ನು ಬ್ಯಾಂಕಿಗೆ ಬಂದ ಮರುದಿನದ, ಅಂದರೆ ಮುಂದಿನ ಕೆಲಸದ ದಿನದ ಒಳಗೆ ಗ್ರಾಹಕರ ಬಳಕೆಗೆ ಬಿಡಬೇಕು ಎಂದು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ರೆಗ್ಯುಲೇಷನ್ ಸಿಸಿ ಎಂಬ ನಿಯಮ ಹೇಳುತ್ತದೆ. ಆದರೆ ಆ ನಿಯಮದಲ್ಲಿ ಖಾತೆ ಎಂದರೆ ಚೆಕಿಂಗ್‌ನಂಥ ದಿನಬಳಕೆಯ ಖಾತೆ. ಸೇವಿಂಗ್ಸ್ ಅದರ ವ್ಯಾಪ್ತಿಗೆ ಬರುವುದಿಲ್ಲ. ವಾಸ್ತವದಲ್ಲಿ ಬ್ಯಾಂಕುಗಳು ಸೇವಿಂಗ್ಸ್‌ಗೂ ಬೇಗನೇ ಜಮಾ ಮಾಡುತ್ತವೆ ನಿಜ. ಆದರೂ ಫೀಸು ಕಟ್ಟಲು ನಾಳೆಯೇ ಕೊನೆಯ ದಿನ ಅನ್ನುವಾಗ ಈ ರಕ್ಷಣೆ ಇರುವ ಖಾತೆ ಇರುವುದೇ ಒಳ್ಳೆಯದು, ಅಲ್ವಾ?

ಮೂರನೆಯದು, ಹೊರಗೆ ಕಳಿಸುವ ಮಿತಿ. ಅಮೆರಿಕದಲ್ಲಿ ಸೇವಿಂಗ್ಸ್ ಖಾತೆಯಿಂದ ಆನ್‌ಲೈನ್, ಫೋನ್ ಮುಂತಾದ ಸುಲಭ ದಾರಿಗಳಲ್ಲಿ ತಿಂಗಳಿಗೆ ಆರೇ ಸಲ ಹಣ ಹೊರಹಾಕಬಹುದು ಎಂಬ ನಿಯಮ ಹಿಂದೆ ಇತ್ತು. ಫೆಡರಲ್ ರಿಸರ್ವ್ 2020ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು. ಆದರೆ ಮಿತಿ ಇಟ್ಟುಕೊಳ್ಳುವುದು, ಬಿಡುವುದು ಬ್ಯಾಂಕಿನ ಇಷ್ಟ. ಕೆಲವು ಬ್ಯಾಂಕುಗಳು ಇವತ್ತಿಗೂ ಮಿತಿ ಇಟ್ಟಿವೆ, ಮೀರಿದರೆ ಶುಲ್ಕ ಹಾಕುತ್ತವೆ. ಈ ಮಿತಿ ಯಾವತ್ತೂ ಒಳಗೆ ಬರುವ ಹಣಕ್ಕೆ ಇರಲಿಲ್ಲ. "ಸೇವಿಂಗ್ಸ್‌ಗೆ ಆರಕ್ಕಿಂತ ಜಾಸ್ತಿ ವೈರ್ ಬರೋ ಹಾಗಿಲ್ಲ" ಎಂದು ಯಾರಾದರೂ ಹೇಳಿದರೆ ಅದು ತಪ್ಪು ತಿಳಿವಳಿಕೆ. ಜರ್ಮನಿಯ ಟಾಗೆಸ್‌ಗೆಲ್ಟ್ ಉಳಿತಾಯ ಖಾತೆಗಳಲ್ಲೂ ಸಾಮಾನ್ಯವಾಗಿ ಇದೇ ಬಗೆಯ ಕಟ್ಟು ಇರುತ್ತದೆ: ಹಣ ಹೊರಹೋಗುವುದು ನೀವು ಮೊದಲೇ ಸೂಚಿಸಿದ ಒಂದು ಖಾತೆಗೆ ಮಾತ್ರ. ನೇರವಾಗಿ ಮನೆ ಮಾಲೀಕರಿಗೋ ಕಾಲೇಜಿಗೋ ಅಲ್ಲಿಂದ ಕಳಿಸಲಾಗದು.

ಸೇವಿಂಗ್ಸ್ ನಂಬರ್ ಕೊಡುವುದೇ ಸರಿ ಅನ್ನಿಸುವ ಸಂದರ್ಭಗಳು

ದಿನಬಳಕೆಯ ಖಾತೆ ಓವರ್‌ಡ್ರಾಫ್ಟ್‌ಗೆ ಹೋಗಿದ್ದರೆ, ಅಂದರೆ ಇದ್ದದ್ದಕ್ಕಿಂತ ಹೆಚ್ಚು ಹಣ ತೆಗೆದಿದ್ದರೆ, ಬಂದ ಹಣದಲ್ಲಿ ಬ್ಯಾಂಕು ಮೊದಲು ತನ್ನ ಬಾಕಿ ಮುರಿದುಕೊಳ್ಳುತ್ತದೆ. ಬೇರೆ ತುರ್ತಿಗೆಂದು ತರಿಸಿದ ಹಣ ಅಲ್ಲಿ ಕರಗಬಹುದು. ಆ ಖಾತೆಯ ಮೇಲೆ ಹಲವು ಆಟೋ ಪಾವತಿಗಳಿದ್ದರೂ ಇದೇ ಕಥೆ.

ಇನ್ನೊಂದು, ಸುರಕ್ಷತೆ. ಅಮೆರಿಕದಲ್ಲಿ ರೂಟಿಂಗ್ ನಂಬರ್ (ಬ್ಯಾಂಕನ್ನು ಗುರುತಿಸುವ ನಂಬರ್) ಮತ್ತು ಚೆಕಿಂಗ್ ನಂಬರ್ ಎರಡೂ ಸಿಕ್ಕಿದರೆ ನಕಲಿ ಚೆಕ್ ಮುದ್ರಿಸಲು ಅಥವಾ ಅನುಮತಿ ಇಲ್ಲದೆ ಹಣ ಎಳೆಯಲು ವಂಚಕರಿಗೆ ದಾರಿ ಸಿಗುತ್ತದೆ. ಕಳಿಸುವವರು ಮನೆಯವರಾದರೆ ಇದು ದೊಡ್ಡ ಚಿಂತೆಯಲ್ಲ. ಪರಿಚಯ ಇಲ್ಲದ ಗ್ರಾಹಕರಿಂದ ಮತ್ತೆ ಮತ್ತೆ ಹಣ ಬರುವುದಾದರೆ, ಹಣ ತರಿಸಲಿಕ್ಕೆಂದೇ ಒಂದು ಪ್ರತ್ಯೇಕ ಖಾತೆ ಇಡಿ. ಅದು ಸೇವಿಂಗ್ಸ್ ಆಗಿರಬಹುದು, ಇನ್ನೊಂದು ಚೆಕಿಂಗ್ ಆಗಿರಬಹುದು. ಬಂದ ಕೂಡಲೇ ಖಾಲಿ ಮಾಡುವುದು ಮುಖ್ಯ.

ದೊಡ್ಡ ಮೊತ್ತ ಬಂದು ತಿಂಗಳುಗಟ್ಟಲೆ ಸುಮ್ನೆ ಇರುವುದಾದರೆ, ಬ್ಯಾಂಕು ಸೇವಿಂಗ್ಸ್‌ಗೆ ವೈರ್ ಸ್ವೀಕರಿಸುತ್ತೇವೆ ಎಂದು ಬರಹದಲ್ಲಿ ಹೇಳಿದ್ದರೆ ನೇರವಾಗಿ ಅಲ್ಲಿಗೇ ತರಿಸಿ. ಒಂದು ಎಚ್ಚರಿಕೆ: ಬಹಳ ಕಾಲ ಮುಟ್ಟದ ಸೇವಿಂಗ್ಸ್ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಎಂದು ಗುರುತು ಹಾಕಿರಬಹುದು. ವೈರ್‌ಗೆ ಮುಂಚೆ ಅಲ್ಲಿಗೆ ಸಣ್ಣದೊಂದು ವರ್ಗಾವಣೆ ಮಾಡಿ, ಖಾತೆ ಜೀವಂತ ಇದೆಯೇ ನೋಡಿ.

ಹಂತ 1: ನಿಮ್ಮ ಬ್ಯಾಂಕಿಗೆ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ

ಕಳಿಸುವವರಿಗೆ ವಿವರ ಕೊಡುವ ಮೊದಲು ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ "ವಿದೇಶದಿಂದ ಬರುವ ವೈರ್‌ನ ಸೂಚನೆಗಳು" ಕೇಳಿ. ಹೆಚ್ಚಿನ ಬ್ಯಾಂಕುಗಳು ಇದನ್ನು ಒಂದು ಪುಟದಲ್ಲಿ ಸಿದ್ಧವಾಗಿ ಇಟ್ಟಿರುತ್ತವೆ. ಸ್ನೇಹಿತರು ತಮ್ಮ ಖಾತೆಗೆ ಬಳಸಿದ ವಿವರವನ್ನು ನಕಲು ಮಾಡಬೇಡಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಕೋಡ್ ಹಾಕಬೇಡಿ. ಒಂದೇ ಬ್ಯಾಂಕಾದರೂ ಖಾತೆ, ಕರೆನ್ಸಿ, ಪ್ರದೇಶ ಬದಲಾದರೆ ಸೂಚನೆಗಳೂ ಬದಲಾಗಬಹುದು.

ಕೇಳಬೇಕಾದ ಪ್ರಶ್ನೆಗಳು ಇವು:

- ನನ್ನ ಈ ಖಾತೆಗೆ ವಿದೇಶದಿಂದ ವೈರ್ ಬರಬಹುದೇ? (ಖಾತೆ ನಂಬರ್ ತೋರಿಸಿಯೇ ಕೇಳಿ.)
- ಯಾವ ಕರೆನ್ಸಿಯಲ್ಲಿ ಬರಬೇಕು? ಬೇರೆ ಕರೆನ್ಸಿಯಲ್ಲಿ ಬಂದರೆ ಪರಿವರ್ತಿಸುತ್ತೀರೋ, ವಾಪಸ್ ಕಳಿಸುತ್ತೀರೋ?
- ನಡುವೆ ಮಧ್ಯವರ್ತಿ ಬ್ಯಾಂಕ್ ಬೇಕೇ? ಇದ್ದರೆ ಅದರ ಪೂರ್ತಿ ವಿವರ ಏನು?
- ಬರುವ ವೈರ್‌ಗೆ ಶುಲ್ಕ ಎಷ್ಟು? ಸೇವಿಂಗ್ಸ್‌ಗೂ ಚೆಕಿಂಗ್‌ಗೂ ಒಂದೇ ಶುಲ್ಕವೇ?
- ದೊಡ್ಡ ಮೊತ್ತ ಬಂದರೆ ಯಾವ ದಾಖಲೆ ಕೇಳುತ್ತೀರಿ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೊಸದಾಗಿ ತೆರೆದ ಖಾತೆಗೆ ಇದ್ದಕ್ಕಿದ್ದಂತೆ ದೊಡ್ಡ ಹಣ ಬಂದರೆ ಬ್ಯಾಂಕಿನ ಪರಿಶೀಲನೆ ವಿಭಾಗ ತಡೆಹಿಡಿಯುವುದು ಸಹಜ. ಮೊದಲೇ ತಿಳಿಸಿದ್ದರೆ ಕೆಲಸ ಹಗುರ.

ಹಂತ 2: ಸರಿಯಾದ ಕೋಡ್‌ಗಳನ್ನು ಕೂಡಿಸಿಕೊಳ್ಳಿ

ಸ್ವಿಫ್ಟ್ ಕೋಡ್‌ಗೆ ಬಿಐಸಿ ಎಂದೂ ಹೆಸರು. ಅದು 8 ಅಥವಾ 11 ಅಕ್ಷರಗಳದ್ದು. ಮೊದಲ ನಾಲ್ಕು ಬ್ಯಾಂಕ್, ಮುಂದಿನ ಎರಡು ದೇಶ, ಆಮೇಲಿನ ಎರಡು ಸ್ಥಳ. ಕೊನೆಯ ಮೂರು ಇದ್ದರೆ ಶಾಖೆ. ದೇಶದ ಎರಡಕ್ಷರ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಂದೇ ಹೆಸರಿನ ಬ್ಯಾಂಕು ಹಲವು ದೇಶಗಳಲ್ಲಿರುತ್ತದೆ, ಅಲ್ಲೇ ಎಡವಟ್ಟಾಗುವುದು.

ಯುರೋಪ್, ಬ್ರಿಟನ್, ಕೊಲ್ಲಿ ದೇಶಗಳಲ್ಲಿ ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಮಾದರಿಯ ಖಾತೆ ನಂಬರ್ ಬೇಕು. ಇದರಲ್ಲಿ ಗರಿಷ್ಠ 34 ಅಕ್ಷರ ಇರಬಹುದು, ಆದರೆ ಉದ್ದ ಪ್ರತಿ ದೇಶಕ್ಕೂ ನಿಗದಿ. ಜರ್ಮನಿ ಮತ್ತು ಬ್ರಿಟನ್‌ಗೆ 22, ಯುಎಇಗೆ 23, ಫ್ರಾನ್ಸ್‌ಗೆ 27, ನಾರ್ವೆಗೆ ಬರೀ 15. ದೇಶದ ಅಕ್ಷರಗಳ ಪಕ್ಕದ ಎರಡು ಅಂಕೆಗಳು ತಪಾಸಣೆಗಾಗಿ ಇವೆ. ಒಂದು ಅಂಕೆ ತಪ್ಪಿದರೂ ಲೆಕ್ಕ ಹೊಂದುವುದಿಲ್ಲ, ಕಳಿಸುವ ಕಡೆಯ ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಇದು ಐಬ್ಯಾನ್‌ನ ದೊಡ್ಡ ಉಪಕಾರ. ಆದರೆ ನೀವು ಚೆಕಿಂಗ್ ಬದಲು ಸೇವಿಂಗ್ಸ್ ಖಾತೆಯ ಐಬ್ಯಾನ್ ಕೊಟ್ಟರೆ ಅದು ಹಿಡಿಯುವುದಿಲ್ಲ, ಯಾಕೆಂದರೆ ಅದೂ ಸರಿಯಾದ ಐಬ್ಯಾನೇ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಐಬ್ಯಾನ್ ಇಲ್ಲ. ಕಳಿಸುವವರ ಫಾರ್ಮ್ ಐಬ್ಯಾನ್ ಕೇಳಿದರೆ ಏನೇನೋ ಜೋಡಿಸಿ ತುಂಬಬೇಡಿ. ಕೆನಡಾಕ್ಕೆ 5 ಅಂಕೆಯ ಟ್ರಾನ್ಸಿಟ್ ನಂಬರ್, 3 ಅಂಕೆಯ ಸಂಸ್ಥೆ ನಂಬರ್, ಜೊತೆಗೆ ಖಾತೆ ನಂಬರ್. ಆಸ್ಟ್ರೇಲಿಯಾಕ್ಕೆ ಬ್ಯಾಂಕು, ಶಾಖೆ ಗುರುತಿಸುವ 6 ಅಂಕೆಯ ಬಿಎಸ್‌ಬಿ. ಅಮೆರಿಕಕ್ಕೆ 9 ಅಂಕೆಯ ರೂಟಿಂಗ್ ನಂಬರ್. ಎಲ್ಲಕ್ಕೂ ಸ್ವಿಫ್ಟ್ ಕೋಡ್ ಜೊತೆಗಿರಲಿ.

ಅಮೆರಿಕದ ರೂಟಿಂಗ್ ನಂಬರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಷ್ಟೋ ಬ್ಯಾಂಕುಗಳಿಗೆ ಚೆಕ್ ಮತ್ತು ಎಸಿಎಚ್‌ಗೆ (ದೇಶದ ಒಳಗಿನ ಮಾಮೂಲು ವರ್ಗಾವಣೆಯ ವ್ಯವಸ್ಥೆ) ಒಂದು ರೂಟಿಂಗ್ ನಂಬರ್, ವೈರ್‌ಗೆ ಇನ್ನೊಂದು ಇರುತ್ತದೆ. ಚೆಕ್ ಪುಸ್ತಕದ ಕೆಳಗೆ ಅಚ್ಚಾಗಿರುವುದು ಮೊದಲನೆಯದು. ಸೇವಿಂಗ್ಸ್‌ಗೆ ಚೆಕ್ ಪುಸ್ತಕ ಇರುವುದಿಲ್ಲವಾದ್ದರಿಂದ ಜನ ಚೆಕಿಂಗ್‌ನ ಚೆಕ್ ನೋಡಿ ರೂಟಿಂಗ್ ನಂಬರ್ ಬರೆದು, ಖಾತೆಯ ಜಾಗದಲ್ಲಿ ಸೇವಿಂಗ್ಸ್ ನಂಬರ್ ಹಾಕುತ್ತಾರೆ. ಕೆಲವೊಮ್ಮೆ ಅದು ನಡೆಯುತ್ತದೆ, ಕೆಲವೊಮ್ಮೆ ವೈರ್ ತಿರಸ್ಕಾರವಾಗುತ್ತದೆ. ಆ್ಯಪ್‌ನಲ್ಲಿ "ವೈರ್ ರೂಟಿಂಗ್" ಎಂದು ಬೇರೆಯಾಗಿ ತೋರಿಸಿದ್ದನ್ನೇ ಕೊಡಿ. ಡೆಬಿಟ್ ಕಾರ್ಡ್ ಮೇಲಿನ ನಂಬರ್ ಖಾತೆ ನಂಬರ್ ಅಲ್ಲ ಎಂಬುದನ್ನೂ ಮೊದಲ ಸಲ ಖಾತೆ ತೆರೆದವರಿಗೆ ಹೇಳಲೇಬೇಕು.

ಸಣ್ಣ ಬ್ಯಾಂಕು, ಕ್ರೆಡಿಟ್ ಯೂನಿಯನ್‌ಗಳಲ್ಲಿ ಖಾತೆ ಇದ್ದರೆ

ಇಲ್ಲಿ ನಿಧಾನವಾಗಿ ಓದಿ. ಬಹಳಷ್ಟು ಕ್ರೆಡಿಟ್ ಯೂನಿಯನ್‌ಗಳಿಗೆ (ಸದಸ್ಯರೇ ಒಡೆಯರಾಗಿರುವ ಸಹಕಾರಿ ಬ್ಯಾಂಕಿನಂಥ ಸಂಸ್ಥೆಗಳು), ಸಣ್ಣ ಬ್ಯಾಂಕುಗಳಿಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ವಿದೇಶದಿಂದ ಬರುವ ಹಣ ಮೊದಲು ಒಂದು ದೊಡ್ಡ ಬ್ಯಾಂಕಿಗೆ ಬರುತ್ತದೆ. ಅಲ್ಲಿ ನಿಮ್ಮ ಕ್ರೆಡಿಟ್ ಯೂನಿಯನ್ನಿನ ಖಾತೆ ಇರುತ್ತದೆ. ಆಮೇಲೆ ಕ್ರೆಡಿಟ್ ಯೂನಿಯನ್ ಅದನ್ನು ನಿಮ್ಮ ಹೆಸರಿಗೆ ಹಾಕುತ್ತದೆ. ಹೀಗೆ ಎರಡು ಮೆಟ್ಟಿಲು ಇರುವಾಗ ನಿಮ್ಮ ಹೆಸರು ಮತ್ತು ಖಾತೆ ನಂಬರ್ "ಮುಂದಿನ ಜಮೆಗಾಗಿ" ಅನ್ನುವ ಸಾಲಿನಲ್ಲಿ ಬರೆಯಬೇಕಾಗುತ್ತದೆ. ಅಮೆರಿಕದ ಬ್ಯಾಂಕುಗಳು ಇದನ್ನು "ಫರ್ದರ್ ಕ್ರೆಡಿಟ್" ಅನ್ನುತ್ತವೆ. ಈ ಸಾಲು ಬಿಟ್ಟುಹೋದರೆ ಹಣ ಕ್ರೆಡಿಟ್ ಯೂನಿಯನ್ನಿಗೆ ಬಂದು ಕೂರುತ್ತದೆ, ಯಾರದ್ದೆಂದು ಅವರಿಗೆ ತಿಳಿಯುವುದಿಲ್ಲ. ಕೊನೆಗೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಸೇವಿಂಗ್ಸ್, ಚೆಕಿಂಗ್ ಎಂಬ ಬಗೆ ನಿಜವಾಗಿ ಮುಖ್ಯವಾಗುವ ಜಾಗ ಕೂಡ ಇದೇ. ಕೆಲವು ಕ್ರೆಡಿಟ್ ಯೂನಿಯನ್‌ಗಳಲ್ಲಿ ನಿಮಗೆ ಒಂದೇ ಸದಸ್ಯ ನಂಬರ್ ಇರುತ್ತದೆ. ಅದರ ಕೊನೆಗೆ ಸೇರಿಸುವ ಒಂದೆರಡು ಅಂಕೆಗಳಿಂದ ಸೇವಿಂಗ್ಸೋ ಚೆಕಿಂಗೋ ಎಂದು ಗೊತ್ತಾಗುತ್ತದೆ. ಆ ಅಂಕೆ ಬಿಟ್ಟರೆ ಹಣ ಅವರ ಪದ್ಧತಿಯಂತೆ ಸೇವಿಂಗ್ಸ್‌ಗೆ ಬೀಳಬಹುದು ಅಥವಾ ಪ್ರಶ್ನೆಯಾಗಿ ನಿಲ್ಲಬಹುದು. ಹಾಗಾಗಿ ಇಲ್ಲಿ ಪೂರ್ತಿ ನಂಬರ್ ಬರೆಯಿಸಿ, ಪಕ್ಕದಲ್ಲಿ ಚೆಕಿಂಗ್ ಅಥವಾ ಸೇವಿಂಗ್ಸ್ ಎಂದೂ ಬರೆಯಿಸಿ.

ಬ್ರಿಟನ್‌ನ ಕೆಲವು ಬಿಲ್ಡಿಂಗ್ ಸೊಸೈಟಿಗಳ (ಉಳಿತಾಯ ಮತ್ತು ಮನೆ ಸಾಲದ ಸಹಕಾರಿ ಸಂಸ್ಥೆಗಳು) ಸೇವಿಂಗ್ಸ್ ಖಾತೆಗಳದ್ದೂ ಇದೇ ರಚನೆ. ಹಣ ಸೊಸೈಟಿಯ ಸಾಮೂಹಿಕ ಖಾತೆಗೆ ಬರುತ್ತದೆ. ನಿಮ್ಮನ್ನು ಗುರುತಿಸುವುದು ರೋಲ್ ನಂಬರ್. ಅದನ್ನು ಉಲ್ಲೇಖದ ಜಾಗದಲ್ಲಿ ಹಾಕಬೇಕು. ವಿದೇಶಿ ವೈರ್‌ನ ಉಲ್ಲೇಖ ದಾರಿಯಲ್ಲಿ ತುಂಡಾಗುವ ಅಪಾಯ ಇರುವುದರಿಂದ ಇಂಥ ಖಾತೆಗೆ ನೇರವಾಗಿ ತರಿಸಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಕರೆಂಟ್ ಖಾತೆಗೆ ತರಿಸಿ, ಅಲ್ಲಿಂದ ದಾಟಿಸಿ.

ಹಂತ 3: ಕಳಿಸುವವರ ಫಾರ್ಮ್ ತುಂಬಿಸುವಾಗ

ಹೆಸರು ಬ್ಯಾಂಕಿನ ದಾಖಲೆಯಲ್ಲಿ ಇರುವಂತೆಯೇ ಇರಲಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು, ಖಾತೆಯಲ್ಲೂ ಹಾಗೇ ಇದ್ದರೆ, ಮನೆಯಲ್ಲಿ ಕರೆಯುವ ಚಿಕ್ಕ ಹೆಸರು ಹಾಕಬೇಡಿ. ಜಂಟಿ ಖಾತೆಯಾದರೆ ಒಬ್ಬರ ಪೂರ್ತಿ ಹೆಸರು ಸಾಮಾನ್ಯವಾಗಿ ಸಾಕು. ಆದರೆ ಸೇವಿಂಗ್ಸ್ ಒಬ್ಬರ ಹೆಸರಲ್ಲಿ, ಚೆಕಿಂಗ್ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರುವುದು ಮಾಮೂಲು. ಯಾವ ನಂಬರ್ ಕೊಡುತ್ತೀರೋ ಆ ಖಾತೆಯಲ್ಲಿ ಇರುವ ಹೆಸರನ್ನೇ ಕೊಡಿ.

ಹೆಸರು ಸರಿಯಿದ್ದು ನಂಬರ್ ತಪ್ಪಾದರೆ ಬ್ಯಾಂಕು ತಾನಾಗಿ ಸರಿಪಡಿಸುತ್ತದೆ ಎಂದು ನಂಬಿ ಕೂರಬೇಡಿ. ಅಮೆರಿಕದ ವಾಣಿಜ್ಯ ಕಾನೂನಿನ ಪ್ರಕಾರ, ಹೆಸರೂ ನಂಬರೂ ಬೇರೆ ಬೇರೆಯವರದ್ದು ಎಂದು ಬ್ಯಾಂಕಿಗೆ ತಿಳಿದಿಲ್ಲದಿದ್ದರೆ ಅದು ನಂಬರನ್ನೇ ಆಧರಿಸಿ ಜಮಾ ಮಾಡಬಹುದು. ಬ್ರಿಟನ್‌ನ ಒಳಗಿನ ಪಾವತಿಗಳಲ್ಲಿ ಹೆಸರು ತಾಳೆ ನೋಡುವ ವ್ಯವಸ್ಥೆ ಇದೆ. ಯೂರೋ ವಲಯದಲ್ಲಿ 2025ರ ಅಕ್ಟೋಬರ್‌ನಿಂದ ಯೂರೋ ವರ್ಗಾವಣೆಗಳಿಗೆ ಇದು ಕಡ್ಡಾಯವಾಗಿದೆ. ಹೊರಗಿನ ದೇಶಗಳಿಂದ ಸ್ವಿಫ್ಟ್ ಮೂಲಕ ಬರುವ ವೈರ್‌ಗೆ ಆ ಭರವಸೆ ಇಟ್ಟುಕೊಳ್ಳುವಂತಿಲ್ಲ. ನಂಬರನ್ನು ಎರಡು ಸಲ ಓದಿ ಹೇಳಿಸಿ.

ವಿಳಾಸದಲ್ಲಿ ಊರು ಮತ್ತು ದೇಶ ಸ್ಪಷ್ಟವಾಗಿ ಬೇರೆ ಬೇರೆ ಜಾಗದಲ್ಲಿ ಇರಲಿ. ಸ್ವಿಫ್ಟ್ ಸಂದೇಶಗಳು ಈಗ ಹಳೆಯ ಎಂಟಿ103 ಬದಲು ಐಎಸ್ಒ 20022 ಎಂಬ ಹೊಸ ಮಾದರಿಗೆ ಬಂದಿವೆ. ಗಡಿ ದಾಟುವ ಪಾವತಿಗಳಿಗೆ ಎರಡೂ ಮಾದರಿ ಒಟ್ಟಿಗೆ ನಡೆಯುತ್ತಿದ್ದ ಕಾಲ 2025ರ ನವೆಂಬರ್‌ನಲ್ಲಿ ಮುಗಿಯಿತು. ಹೊಸ ಮಾದರಿಯಲ್ಲಿ ವಿಳಾಸದ ಭಾಗಗಳನ್ನು ಬಿಡಿಸಿ ಬರೆಯುವುದಕ್ಕೆ ಹೆಚ್ಚು ಒತ್ತು ಇದೆ.

ಉದ್ದೇಶದ ಜಾಗದಲ್ಲಿ ನಿಜವಾದ ಕಾರಣ ಬರೆಯಿಸಿ. "ಫೀಸು", "ಸಂಬಳ", "ಕುಟುಂಬದ ನೆರವು" ಇಷ್ಟು ಸಾಕು. ತಮಾಷೆಗೆ ಏನೋ ಬರೆದರೆ, ಅಥವಾ ನಿರ್ಬಂಧ ಇರುವ ದೇಶದ ಹೆಸರು ಬಂದರೆ ತಪಾಸಣೆಯ ಸಾಫ್ಟ್‌ವೇರ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಶುಲ್ಕ ಯಾರದ್ದು ಎಂಬ ಪ್ರಶ್ನೆಗೆ ಮೂರು ಆಯ್ಕೆ ಇರುತ್ತವೆ. 'ಅವರ್' (OUR) ಅಂದರೆ ಎಲ್ಲಾ ಶುಲ್ಕ ಕಳಿಸುವವರದ್ದು. 'ಶಾ' (SHA) ಅಂದರೆ ಕಳಿಸುವ ಬ್ಯಾಂಕಿನ ಶುಲ್ಕ ಕಳಿಸುವವರದ್ದು, ಉಳಿದದ್ದು ನಿಮ್ಮದು. 'ಬೆನ್' (BEN) ಅಂದರೆ ಎಲ್ಲವೂ ನಿಮ್ಮ ಹಣದಿಂದ ಮುರಿಯುತ್ತದೆ. ಒಂದು ಲೆಕ್ಕ ನೋಡಿ. 'ಶಾ' ಆಯ್ಕೆಯಲ್ಲಿ 5,000 ಡಾಲರ್ ಹೊರಟಿತು ಅನ್ನಿ. ಮಧ್ಯವರ್ತಿ ಬ್ಯಾಂಕು 20 ಡಾಲರ್ ಮುರಿಯಿತು, ನಿಮ್ಮ ಬ್ಯಾಂಕು 15 ತೆಗೆದುಕೊಂಡಿತು. ಕೈಗೆ ಬಂದದ್ದು 4,965. ಫೀಸು ಸರಿಯಾಗಿ 5,000 ಆಗಿದ್ದರೆ 35 ಡಾಲರ್ ಕಡಿಮೆ. ನಿಖರ ಮೊತ್ತ ಬೇಕಿದ್ದರೆ 'ಅವರ್' ಆರಿಸಲು ಹೇಳಿ, ಮೇಲೆ ಸ್ವಲ್ಪ ಹೆಚ್ಚುವರಿಯನ್ನೂ ಸೇರಿಸಿ ಕಳಿಸಲು ಹೇಳಿ. 'ಅವರ್' ಹಾಕಿದರೂ ನಿಮ್ಮ ಬ್ಯಾಂಕು ತನ್ನ ಶುಲ್ಕ ಮುರಿಯುವುದುಂಟು.

ಕರೆನ್ಸಿಯ ವಿಷಯದಲ್ಲಿ ಶುಲ್ಕಕ್ಕಿಂತ ದೊಡ್ಡ ನಷ್ಟ ಅಡಗಿದೆ. ನಿಮ್ಮ ಖಾತೆ ಡಾಲರ್‌ನದ್ದು, ಹಣ ಬೇರೆ ಕರೆನ್ಸಿಯಲ್ಲಿ ಬಂದರೆ ನಿಮ್ಮ ಬ್ಯಾಂಕು ತನ್ನ ದರದಲ್ಲಿ ಪರಿವರ್ತಿಸುತ್ತದೆ. ಆ ದರ ಮೊದಲೇ ನಿಮಗೆ ಗೊತ್ತಿರುವುದಿಲ್ಲ, ಚೌಕಾಸಿಗೂ ಅವಕಾಶ ಇಲ್ಲ. ಕಳಿಸುವ ಕಡೆಯೇ ಪರಿವರ್ತಿಸಿದರೆ ದರ ಕಣ್ಣಿಗೆ ಕಾಣುತ್ತದೆ, ಎರಡು ಮೂರು ಬ್ಯಾಂಕುಗಳ ದರ ಹೋಲಿಸಿ ನೋಡಬಹುದು. ಶುಲ್ಕ ಇಲ್ಲ ಎಂದು ಪ್ರಚಾರ ಮಾಡುವವರು ದರದಲ್ಲೇ ತಮ್ಮ ಲಾಭ ಸೇರಿಸಿರುತ್ತಾರೆ.

ಆ್ಯಪ್ ಮೂಲಕ ಬರುವ ಹಣ ವೈರ್ ಆಗಿರಬೇಕಿಲ್ಲ

ಹಣ ಕಳಿಸುವ ಹಲವು ಸೇವೆಗಳು ಕೊನೆಯ ಮೆಟ್ಟಿಲಲ್ಲಿ ಸ್ವಿಫ್ಟ್ ಬಳಸುವುದಿಲ್ಲ. ಪಡೆಯುವ ದೇಶದಲ್ಲೇ ಇರುವ ತಮ್ಮ ಖಾತೆಯಿಂದ ನಿಮಗೆ ದೇಶೀಯ ವರ್ಗಾವಣೆ ಮಾಡುತ್ತವೆ. ಅಮೆರಿಕದಲ್ಲಿ ಅದು ಹೆಚ್ಚಾಗಿ ಎಸಿಎಚ್. ಎಸಿಎಚ್‌ನಲ್ಲಿ ಖಾತೆಯ ಬಗೆಗೆ ಪ್ರತ್ಯೇಕ ಸಂಖ್ಯೆ ಇದೆ: ಚೆಕಿಂಗ್ ಜಮೆಗೆ 22, ಸೇವಿಂಗ್ಸ್ ಜಮೆಗೆ 32. ಆ್ಯಪ್ "ಚೆಕಿಂಗ್ ಅಥವಾ ಸೇವಿಂಗ್ಸ್" ಎಂದು ಕೇಳುವುದು ಇದಕ್ಕಾಗಿ. ಇಲ್ಲಿ ತಪ್ಪು ಆರಿಸಿದರೆ ನಂಬರ್ ಸರಿಯಿದ್ದರೂ ವಾಪಸ್ ಹೋಗಬಹುದು. ರೂಟಿಂಗ್ ನಂಬರ್ ಕೂಡ ಎಸಿಎಚ್‌ನದ್ದೇ ಬೇಕು, ವೈರ್‌ನದ್ದಲ್ಲ. ಮೇಲೆ ಹೇಳಿದ್ದರ ನೇರ ವಿರುದ್ಧ.

ಇದರಿಂದ ಒಂದು ಅನುಕೂಲವೂ ಇದೆ. ವಿದೇಶಿ ವೈರ್ ಸ್ವೀಕರಿಸದ ಆನ್‌ಲೈನ್ ಸೇವಿಂಗ್ಸ್ ಖಾತೆಗೂ ಈ ದಾರಿಯಲ್ಲಿ ಹಣ ತರಿಸಬಹುದು, ಯಾಕೆಂದರೆ ಬ್ಯಾಂಕಿನ ಕಣ್ಣಿಗೆ ಅದು ದೇಶದ ಒಳಗಿನ ಜಮೆ.

ಹಂತ 4: ಮೊದಲು ಸಣ್ಣ ಮೊತ್ತ

ಹೊಸ ಖಾತೆ, ದೊಡ್ಡ ಮೊತ್ತ ಎರಡೂ ಸೇರಿದಾಗ ಮೊದಲು ಸಣ್ಣದೊಂದು ಮೊತ್ತ ತರಿಸಿ. ಶುಲ್ಕ ಎರಡು ಸಲ ಬೀಳುತ್ತದೆ, ನಿಜ. ಆದರೆ ಎಷ್ಟು ದಿನ ಬೇಕು, ದಾರಿಯಲ್ಲಿ ಎಷ್ಟು ಮುರಿಯುತ್ತಾರೆ, ಹೆಸರು ಸರಿ ಹೊಂದಿತೇ ಎಂಬುದೆಲ್ಲ ತಿಳಿಯುತ್ತದೆ. ಮುಂದೆ ಅದೇ ವಿವರಗಳನ್ನು ಒಂದಕ್ಷರವೂ ಬದಲಿಸದೆ ಬಳಸಿ.

ಕಳಿಸುವ ದಿನವನ್ನೂ ಯೋಚಿಸಿ. ಸೌದಿ ಅರೇಬಿಯಾದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಮೆರಿಕ, ಯುರೋಪಿನಲ್ಲಿ ಶನಿವಾರ, ಭಾನುವಾರ. ಎರಡೂ ಕಡೆ ಬ್ಯಾಂಕು ತೆರೆದಿರುವುದು ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಗುರುವಾರ ಸಂಜೆ ಕಳಿಸಿದ ಹಣ ಮುಂದಿನ ವಾರ ಬಂದರೆ ಗಾಬರಿಯಾಗಬೇಡಿ.

ಹಂತ 5: ದಾರಿಯಲ್ಲಿರುವ ಹಣವನ್ನು ಹಿಂಬಾಲಿಸುವುದು

ಪ್ರತಿ ಸ್ವಿಫ್ಟ್ ಪಾವತಿಗೂ ಯುಇಟಿಆರ್ ಎಂಬ 36 ಅಕ್ಷರಗಳ ಗುರುತು ಇರುತ್ತದೆ. 2018ರ ನವೆಂಬರ್‌ನಿಂದ ಇದು ಕಡ್ಡಾಯ. ಕಳಿಸಿದ ದಿನವೇ ಅದನ್ನು ಕೇಳಿ ಪಡೆಯಿರಿ, ಜೊತೆಗೆ ಪಾವತಿ ಸಂದೇಶದ ನಕಲನ್ನೂ ಕೇಳಿ. ಅದರಲ್ಲಿ ಖಾತೆ ನಂಬರ್, ಶುಲ್ಕದ ಆಯ್ಕೆ, ಮಧ್ಯವರ್ತಿ ಬ್ಯಾಂಕು ಎಲ್ಲ ಕಾಣುತ್ತದೆ. "ಕಳಿಸಿ ಆಯಿತು" ಎಂಬ ರಸೀದಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಾಮಾನ್ಯವಾಗಿ ಒಂದರಿಂದ ಐದು ಕೆಲಸದ ದಿನ ಕಾಯಿರಿ. ಆಮೇಲೂ ಬರದಿದ್ದರೆ ಶೋಧನೆ ಶುರುವಾಗಬೇಕಾದದ್ದು ಕಳಿಸಿದ ಬ್ಯಾಂಕಿನಿಂದ. ನಿಮ್ಮ ಬ್ಯಾಂಕಿಗೆ ಯುಇಟಿಆರ್ ಕೊಟ್ಟು, ಹಣ ಅವರ ತನಕ ಬಂದು ಪರಿಶೀಲನೆಯಲ್ಲಿ ನಿಂತಿದೆಯೇ ಎಂದು ನೀವು ಕೇಳಬಹುದು. ಅಷ್ಟರಲ್ಲಿ ಬ್ಯಾಂಕಿನಿಂದ ಇಮೇಲ್ ಅಥವಾ ಆ್ಯಪ್ ಸಂದೇಶ ಬಂದಿದೆಯೇ ನೋಡಿ. ದಾಖಲೆ ಕೇಳಿದ ಸಂದೇಶಕ್ಕೆ ಉತ್ತರಿಸದೆ ಇರುವುದರಿಂದಲೇ ಹಣ ವಾಪಸ್ ಹೋಗುವುದುಂಟು.

ಹಂತ 6: ಹಣ ಬಂದ ಮೇಲೆ

ಬಡ್ಡಿ ಬೇಕಿದ್ದರೆ ಸೇವಿಂಗ್ಸ್‌ಗೆ ದಾಟಿಸಿ. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆಯ ಮಿತಿಯನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ ಒಬ್ಬ ಖಾತೆದಾರರಿಗೆ ಒಂದು ಬ್ಯಾಂಕಿನಲ್ಲಿ 2,50,000 ಡಾಲರ್, ಐರೋಪ್ಯ ಒಕ್ಕೂಟದಲ್ಲಿ 1,00,000 ಯೂರೋ, ಬ್ರಿಟನ್‌ನಲ್ಲಿ 2025ರ ಡಿಸೆಂಬರ್‌ನಿಂದ 1,20,000 ಪೌಂಡ್. ಒಂದೇ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಲ್ಲಿರುವ ಸೇವಿಂಗ್ಸ್ ಮತ್ತು ಚೆಕಿಂಗ್ ಎರಡನ್ನೂ ಕೂಡಿಸಿಯೇ ಈ ಲೆಕ್ಕ. ಎರಡು ಖಾತೆಗೆ ಹಂಚಿದರೆ ವಿಮೆ ಎರಡರಷ್ಟಾಗುವುದಿಲ್ಲ.

ವರದಿ, ತೆರಿಗೆಯ ನಿಯಮಗಳಿಗೆ ಖಾತೆಯ ಬಗೆಯಿಂದ ವ್ಯತ್ಯಾಸ ಇಲ್ಲ. ಕೆನಡಾದಲ್ಲಿ 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ವಿದೇಶಿ ವರ್ಗಾವಣೆಯನ್ನು ಬ್ಯಾಂಕೇ ಸರ್ಕಾರದ ಫಿನ್‌ಟ್ರ್ಯಾಕ್ ಸಂಸ್ಥೆಗೆ ತಿಳಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಮೊತ್ತ ಎಷ್ಟೇ ಇರಲಿ ವರದಿ ಹೋಗುತ್ತದೆ. ಅಮೆರಿಕದಲ್ಲಿ ಜನ ಹೆದರುವ 10,000 ಡಾಲರ್‌ನ ವರದಿ ನಗದು ಹಣಕ್ಕೆ ಸಂಬಂಧಿಸಿದ್ದು. ಈ ಹೆದರಿಕೆಯಿಂದ ಮೊತ್ತವನ್ನು ಚೂರು ಚೂರು ಮಾಡಿ ಕಳಿಸಬೇಡಿ. ಅದರಿಂದ ಸಂಶಯ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಮೆರಿಕದ ತೆರಿಗೆ ನಿವಾಸಿಯಾಗಿದ್ದು, ಹೊರದೇಶದ ವ್ಯಕ್ತಿಗಳಿಂದ ವರ್ಷಕ್ಕೆ ಒಟ್ಟು 1,00,000 ಡಾಲರ್‌ಗಿಂತ ಹೆಚ್ಚು ಉಡುಗೊರೆ ಬಂದರೆ ಫಾರ್ಮ್ 3520 ಸಲ್ಲಿಸಬೇಕು. ಅದು ಮಾಹಿತಿ ಕೊಡುವ ಫಾರ್ಮ್, ಆದರೆ ಮರೆತರೆ ದಂಡ ದೊಡ್ಡದು. ಉಡುಗೊರೆ ಪತ್ರ, ಆಸ್ತಿ ಮಾರಾಟದ ದಾಖಲೆ, ಪಾವತಿ ಸಂದೇಶದ ನಕಲು ಇವನ್ನು ಒಂದೇ ಕಡೆ ಇಡಿ.

ತಪ್ಪು ಖಾತೆಗೆ ಹೋದರೆ

ನಿಮ್ಮದೇ ಇನ್ನೊಂದು ಖಾತೆಗೆ ಬಿದ್ದಿದ್ದರೆ ಚಿಂತೆ ಇಲ್ಲ, ದಾಟಿಸಿಕೊಳ್ಳಿ. ತಿರಸ್ಕಾರವಾಗಿದ್ದರೆ ಹಣ ವಾಪಸ್ ಹೋಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಹೋಗುವಾಗ ಮುರಿದ ಶುಲ್ಕ ಸಿಗುವುದಿಲ್ಲ, ಬರುವಾಗ ಮತ್ತೆ ಮುರಿಯಬಹುದು, ಕರೆನ್ಸಿ ಮತ್ತೆ ಪರಿವರ್ತನೆಯಾದರೆ ದರದಲ್ಲೂ ಕಳೆಯಬಹುದು. ವಾಪಸ್ ಹೊರಡುವ ಮುಂಚೆಯೇ ತಿಳಿದರೆ, ಕಳಿಸಿದ ಬ್ಯಾಂಕಿಗೆ ಹೇಳಿ ತಿದ್ದುಪಡಿ ಸಂದೇಶ ಕಳಿಸಬಹುದು. ಅದರ ಶುಲ್ಕ ಹೊಸ ವೈರ್‌ಗಿಂತ ಹೆಚ್ಚೇ ಆಗಿರಬಹುದು, ಆದರೂ ಸಮಯ ಉಳಿಯುತ್ತದೆ.

ಬೇರೆಯವರ ಖಾತೆಗೆ ಜಮಾ ಆಗಿದ್ದರೆ ಪ್ರತಿ ಗಂಟೆಯೂ ಮುಖ್ಯ. ಕಳಿಸಿದವರು ತಕ್ಷಣ ತಮ್ಮ ಬ್ಯಾಂಕಿನಲ್ಲಿ ಹಿಂಪಡೆಯುವ ವಿನಂತಿ ಹಾಕಬೇಕು, ಅದನ್ನು ಬರಹದಲ್ಲೇ ಹಾಕಬೇಕು. ವೈರ್ ಒಮ್ಮೆ ಜಮಾ ಆದ ಮೇಲೆ ಬ್ಯಾಂಕು ಆ ಖಾತೆದಾರರ ಒಪ್ಪಿಗೆ ಇಲ್ಲದೆ ಹಣ ತೆಗೆಯುವುದು ಕಷ್ಟ. ನೀವು ಅದೇ ಹೊತ್ತಿಗೆ ಪಡೆಯುವ ಕಡೆಯ ಬ್ಯಾಂಕಿನ ವಂಚನೆ ಅಥವಾ ವೈರ್ ವಿಭಾಗಕ್ಕೆ ಯುಇಟಿಆರ್, ಮೊತ್ತ, ದಿನಾಂಕ ಕೊಟ್ಟು ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಎರಡೂ ಬ್ಯಾಂಕಿನವರು ಮುಂದೆ ಪ್ರತಿ ಸಲವೂ ಆ ನಂಬರನ್ನೇ ಕೇಳುತ್ತಾರೆ.